ತೀರ್ಮಾನ ಆದ ಮೇಲೆ ಬರಬೇಡಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಕುಪರ್ಟಿನೋ, ಸಾಂಟಾ ಕ್ಲಾರಾ, ಮಿಲ್ಪಿಟಾಸ್, ಫ್ರೀಮಾಂಟ್, ಡಬ್ಲಿನ್, ಸ್ಯಾನ್ ರಮೋನ್‌ಗಳಲ್ಲಿ ಮಕ್ಕಳನ್ನು ಪಬ್ಲಿಕ್ ಸ್ಕೂಲಿಗೆ ಕಳಿಸುತ್ತಿರುವ ಕನ್ನಡ ಪಾಲಕರಿಗೆ,

ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಒಂದು ಮಂಗಳವಾರ ಸಂಜೆ ನಾವು ಇನ್ನೂರಕ್ಕೂ ಹೆಚ್ಚು ಜನ ನಮ್ಮ ಸ್ಕೂಲ್ ಬೋರ್ಡಿನ, ಅಂದರೆ ಶಾಲೆಗಳನ್ನು ನಡೆಸುವ ಚುನಾಯಿತ ಮಂಡಳಿಯ, ಸಭಾಂಗಣ ತುಂಬಿದ್ದೆವು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತವರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ: ಕನ್ನಡದವರು, ತೆಲುಗಿನವರು, ತಮಿಳಿನವರು, ಮರಾಠಿಯವರು. ಮಕ್ಕಳು ನಡೆದು ಹೋಗುತ್ತಿದ್ದ ಶಾಲೆಯ ಗಡಿಯಿಂದ ನಮ್ಮ ಬೀದಿಗಳನ್ನು ತೆಗೆದು ದೂರದ ಇನ್ನೊಂದು ಶಾಲೆಗೆ ಸೇರಿಸಲು ಬೋರ್ಡ್ ಎರಡು ವಾರ ಮೊದಲೇ ಮತ ಹಾಕಿ ಮುಗಿಸಿತ್ತು. ನಮಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ವಾಟ್ಸಾಪ್‌ನಲ್ಲಿ. ನಾನು ಆಫೀಸಿನಿಂದ ನೇರ ಬಂದಿದ್ದೆ. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಸಿಟ್ಟಿಗೆ ಕೈ ನಡುಗುತ್ತಿತ್ತು. ನನ್ನ ಸರದಿ ಬಂದಾಗ ರಾತ್ರಿ ಹತ್ತೂವರೆ. ಮಾತಾಡುವವರು ಹೆಚ್ಚಾದರೆಂದು ಒಬ್ಬೊಬ್ಬರಿಗೆ ಇದ್ದ ಮೂರು ನಿಮಿಷವನ್ನು ಒಂದು ನಿಮಿಷಕ್ಕೆ ಇಳಿಸಿದ್ದರು. ಬರೆದುಕೊಂಡು ಹೋಗಿದ್ದರಲ್ಲಿ ಮೊದಲ ಪ್ಯಾರಾ ಮುಗಿಯುವ ಮುಂಚೆಯೇ ಸಮಯ ಮುಗಿಯಿತು. ಈ ವಿಷಯ ಇವತ್ತಿನ ಅಜೆಂಡಾದಲ್ಲಿ ಇಲ್ಲ, ನೀವು ಹೇಳಿದ್ದನ್ನು ಕೇಳಿಸಿಕೊಂಡಿದ್ದೇವೆ, ಚರ್ಚೆ ಮಾಡುವಂತಿಲ್ಲ ಎಂದರು ಅಧ್ಯಕ್ಷರು. ಮುಖಕ್ಕೆ ಬಾಗಿಲು ಹಾಕಿದ ಹಾಗಾಯಿತು.

ಹೊರಗೆ ಪಾರ್ಕಿಂಗಿನಲ್ಲಿ ಒಬ್ಬ ನಿವೃತ್ತ ಟೀಚರ್ ಸಿಕ್ಕರು. ಪ್ರತಿ ಸಭೆಗೂ ತಪ್ಪದೆ ಬರುವವರು. ಗಡಿ ಬದಲಾವಣೆಯ ಬಗ್ಗೆ ಹಿಂದಿನ ಹತ್ತು ತಿಂಗಳಲ್ಲಿ ಎಷ್ಟು ಸಭೆ ಆಯಿತು, ಯಾವ ನಕ್ಷೆ ಯಾವತ್ತು ತೋರಿಸಿದರು ಎಂದೆಲ್ಲ ಅವರ ನೋಟ್‌ಬುಕ್ಕಿನಲ್ಲಿ ಇತ್ತು. ಅದರಲ್ಲೊಂದು ಸಂಜೆ ಮೂರು ಬೇರೆ ಬೇರೆ ನಕ್ಷೆಗಳನ್ನು ಗೋಡೆಗೆ ಅಂಟಿಸಿ, ಯಾವುದು ಆಗಬಹುದು ಎಂದು ಬಂದವರನ್ನೇ ಕೇಳಿದ್ದರಂತೆ. ಬಂದವರು ಒಂಬತ್ತು ಜನ. ನಮ್ಮ ಬೀದಿಯಿಂದ ಯಾರೂ ಇರಲಿಲ್ಲ. ಆಕೆ ಇದನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ಇರಬೇಕು, ಇವತ್ತಿಗೂ ಆ ಒಂಬತ್ತು ಎಂಬ ಸಂಖ್ಯೆ ನನ್ನ ತಲೆಯಿಂದ ಹೋಗಿಲ್ಲ.

ಆವತ್ತು ಅವಮಾನ ಅನ್ನಿಸಿದ್ದು ಆಮೇಲೆ ಓದಿದಾಗ ಕಾನೂನು ಎಂದು ತಿಳಿಯಿತು. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಆ್ಯಕ್ಟ್ ಎಂಬ ಕಾಯ್ದೆ ಇದೆ. ಊರಿನ ಕೌನ್ಸಿಲ್ಲುಗಳು, ಶಾಲಾ ಮಂಡಳಿಗಳು ಕದ್ದುಮುಚ್ಚಿ ಕೂತು ತೀರ್ಮಾನ ಮಾಡುತ್ತಿವೆ ಎಂದು ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆ 1952ರಲ್ಲಿ ಸರಣಿ ಲೇಖನ ಬರೆದ ಮೇಲೆ ಬಂದ ಕಾಯ್ದೆ ಅದು. ಅದರ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾವನ್ನು ಕನಿಷ್ಠ 72 ಗಂಟೆ ಮೊದಲು ಎಲ್ಲರಿಗೂ ಕಾಣುವಂತೆ ಹಾಕಬೇಕು. ಅದರಲ್ಲಿ ಇಲ್ಲದ್ದರ ಬಗ್ಗೆ ತೀರ್ಮಾನ ಮಾಡುವಂತಿಲ್ಲ. ಇಬ್ಬಿಬ್ಬರಾಗಿ ಫೋನಿನಲ್ಲಿ, ಇಮೇಲಿನಲ್ಲಿ ಮಾತಾಡಿಕೊಂಡು ಬಹುಮತ ಕೂಡಿಸುವುದೂ ತಪ್ಪು. ಆ ರಾತ್ರಿ ನಮ್ಮ ಗಲಾಟೆಗೆ ಹೆದರಿ ಬೋರ್ಡ್ ಅಲ್ಲೇ ಗಡಿ ಬದಲಿಸಿದ್ದರೆ, ಆ ಇನ್ನೊಂದು ಶಾಲೆಯ ಪಾಲಕರಿಗೆ ಸುದ್ದಿಯೇ ಇಲ್ಲದೆ ಅವರ ಮಕ್ಕಳ ವಿಷಯ ತೀರ್ಮಾನ ಆಗಿಬಿಡುತ್ತಿತ್ತು. ನಮಗೆ ಅಡ್ಡ ಬಂದ ನಿಯಮ ಅವರನ್ನು ಕಾಯುತ್ತಿತ್ತು. ಮುಂಚೆ ಬಂದಿದ್ದರೆ ನಮ್ಮನ್ನೂ ಕಾಯುತ್ತಿತ್ತು.

ಕಾಯ್ದೆಯ ಮೊದಲ ಸಾಲುಗಳಲ್ಲಿ ಒಂದು ಮಾತಿದೆ: ಈ ರಾಜ್ಯದ ಜನ ತಮ್ಮ ಸೇವೆಗೆಂದು ಇರುವ ಸಂಸ್ಥೆಗಳಿಗೆ ತಮ್ಮ ಪರಮಾಧಿಕಾರವನ್ನು ಬಿಟ್ಟುಕೊಟ್ಟಿಲ್ಲ, ತಮಗೆ ಯಾವುದು ಗೊತ್ತಿರಬೇಕು, ಯಾವುದು ಬೇಡ ಎಂದು ನಿರ್ಧರಿಸುವ ಹಕ್ಕನ್ನೂ ಅವರಿಗೆ ಕೊಟ್ಟಿಲ್ಲ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. "ಜನ" ಎನ್ನುವ ಆ ಶಬ್ದದೊಳಗೆ ನಾನಿದ್ದೇನೋ ಇಲ್ಲವೋ?

ಯಾಕೆ ಕೇಳುತ್ತಿದ್ದೇನೆಂದರೆ, ನಾನಿನ್ನೂ ಈ ದೇಶದ ಪೌರನಲ್ಲ, ನನಗೆ ಇಲ್ಲಿ ವೋಟಿಲ್ಲ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಇಲ್ಲ. ಯಾವುದೇ ಒಂದು ದೇಶದವರಿಗೆ ಗ್ರೀನ್ ಕಾರ್ಡಿನಲ್ಲಿ ನೂರಕ್ಕೆ ಏಳು ಎಂಬ ಮಿತಿ ಇರುವುದರಿಂದ ನಮ್ಮ ಸಾಲು ಕರಗುವುದೇ ಇಲ್ಲ. ಮಗಳು ಕಿಂಡರ್‌ಗಾರ್ಟನ್ ಸೇರಿದಾಗ ಕಾಯುತ್ತಿದ್ದೆ, ಈಗ ಅವಳು ಹೈಸ್ಕೂಲು, ಇನ್ನೂ ಕಾಯುತ್ತಿದ್ದೇನೆ. ಇಷ್ಟು ವರ್ಷ ಕಾದವರಿಗೆ ಒಂದು ಅಭ್ಯಾಸ ಬೆಳೆದುಬಿಡುತ್ತದೆ. ಈ ಊರು ನಮ್ಮದಲ್ಲ, ನಾವು ಬಾಡಿಗೆಗೆ ಇರುವವರು, ದನಿ ಎತ್ತಿದರೆ ಎಲ್ಲಿ ಏನು ತೊಂದರೆಯೋ ಎಂದು ತಗ್ಗಿ ನಡೆಯುವ ಅಭ್ಯಾಸ. ಮನೆ ಕೊಂಡು ಪ್ರಾಪರ್ಟಿ ಟ್ಯಾಕ್ಸ್ ಕಟ್ಟುತ್ತಿದ್ದರೂ ಅದು ಹೋಗುವುದಿಲ್ಲ.

ಸ್ಕೂಲ್ ಬೋರ್ಡಿನ ಮೈಕಿನ ಮುಂದೆ ಯಾರೂ ವೀಸಾ ಕೇಳುವುದಿಲ್ಲ ಬಂಧುಗಳೇ. ಸಿಟಿ ಕೌನ್ಸಿಲ್ಲಿನಲ್ಲೂ ಕೇಳುವುದಿಲ್ಲ. ಬ್ರೌನ್ ಆ್ಯಕ್ಟಿನಲ್ಲಿ ಮಾತಾಡುವ ಹಕ್ಕು ಇರುವುದು ಸಾರ್ವಜನಿಕರಿಗೆ. ಪೌರತ್ವದ ಮಾತು ಅಲ್ಲಿಲ್ಲ. ಸಭೆಗೆ ಬಂದವರು ಹೆಸರು ಬರೆದರಷ್ಟೇ ಒಳಗೆ ಬಿಡುತ್ತೇವೆ ಎನ್ನುವಂತೆಯೂ ಇಲ್ಲ. ಅಷ್ಟೇ ಏಕೆ, ಪಾಲಕರೇ ಪಾಲಕರನ್ನು ಆರಿಸಿ ಕಳಿಸುವ ಸ್ಕೂಲ್ ಸೈಟ್ ಕೌನ್ಸಿಲ್ ಎಂಬ ಸಮಿತಿ ಅನೇಕ ಶಾಲೆಗಳಲ್ಲಿದೆ. ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಂತೂ ಪೌರರಲ್ಲದ ಪಾಲಕರೂ ಶಾಲಾ ಮಂಡಳಿ ಚುನಾವಣೆಯಲ್ಲಿ ವೋಟು ಹಾಕಬಹುದೆಂದು 2016ರಲ್ಲಿ ಆ ಊರಿನ ಮತದಾರರೇ ಒಪ್ಪಿದರು. ಕೋರ್ಟಿನಲ್ಲಿ ಒಮ್ಮೆ ಬಿದ್ದು, 2023ರಲ್ಲಿ ಮೇಲ್ಮನವಿಯಲ್ಲಿ ಉಳಿಯಿತು. ನಮ್ಮ ಉಪನಗರಗಳಲ್ಲಿ ಅದಿಲ್ಲ. ಆದರೆ ಮಾತು ಇದೆ.

ಇಂಗ್ಲಿಷ್ ಬರುವುದಿಲ್ಲ ಎನ್ನುವುದೂ ಅಡ್ಡಿಯಲ್ಲ ಎಂದು ನನಗೆ ತೋರಿಸಿಕೊಟ್ಟವರು ನನ್ನ ಅಮ್ಮ.

ಅಮ್ಮ ಆರು ತಿಂಗಳಿಗೆಂದು ಬಂದಿದ್ದರು. ಚಿಕ್ಕ ಮಗನನ್ನು ದಿನಾ ಶಾಲೆಗೆ ನಡೆಸಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಒಂದು ದೊಡ್ಡ ರಸ್ತೆ ದಾಟಬೇಕು. ಅಲ್ಲಿ ಕೈಯಲ್ಲಿ ಸ್ಟಾಪ್ ಬೋರ್ಡ್ ಹಿಡಿದು ನಿಲ್ಲುವ ಕ್ರಾಸಿಂಗ್ ಗಾರ್ಡ್ ಅಜ್ಜನಿಗೂ ಅಮ್ಮನಿಗೂ ಭಾಷೆ ಇಲ್ಲದ ಸ್ನೇಹ. ಅವರಿಗೆ ಕೋಡುಬಳೆ ಕಟ್ಟಿಕೊಟ್ಟೂ ಆಗಿತ್ತು. ಒಂದು ದಿನ ನಾನು ಸಿಟಿ ಕೌನ್ಸಿಲ್ ಅಜೆಂಡಾ ನೋಡುತ್ತಿದ್ದಾಗ, ಗಾರ್ಡ್ ಇಡುವಷ್ಟು ವಾಹನಗಳ ಓಡಾಟ ಇಲ್ಲವೆಂದು ಕೆಲವು ಕ್ರಾಸಿಂಗ್‌ಗಳಿಂದ ಗಾರ್ಡ್ ತೆಗೆಯುವ ಪ್ರಸ್ತಾಪ ಕಂಡಿತು. ಪಟ್ಟಿಯಲ್ಲಿ ನಮ್ಮದೂ ಇತ್ತು. ಅಮ್ಮನಿಗೆ ಹೇಳಿದೆ. "ಹಂಗಂದ್ರೆ ಹೇಳಾಣ ನಡಿ, ಕೂತ್ಕಂಡು ಏನ್ ಮಾಡ್ತೀಯ?" ಎಂದರು.

ಸಭೆಯಲ್ಲಿ ಮಾತಿಗೆ ಸಮಯದ ಮಿತಿ ಇಟ್ಟರೆ, ಅನುವಾದಕರ ಮೂಲಕ ಮಾತಾಡುವವರಿಗೆ ಕನಿಷ್ಠ ಅದರ ಎರಡರಷ್ಟು ಸಮಯ ಕೊಡಬೇಕು. ಇದೂ ಕಾಯ್ದೆಯಲ್ಲೇ ಇದೆ. ಮೂರು ನಿಮಿಷದವರ ನಡುವೆ ಅಮ್ಮನಿಗೆ ಆರು ನಿಮಿಷ ಸಿಕ್ಕಿತು. ಹಾಸನದ ಕಡೆಯ ಕನ್ನಡದಲ್ಲಿ ಅಮ್ಮ ಮಾತಾಡಿದರು, ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸಿದೆ. ಗಾರ್ಡ್ ಬೇಕು ಎಂದು ಅವರು ಬೇಡಲಿಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಪೂರ್ವಕ್ಕೆ ಹೋಗುವ ಕಾರುಗಳವರಿಗೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಅವರು ಕೈ ಅಡ್ಡ ಹಿಡಿದುಕೊಂಡು ಓಡಿಸುತ್ತಾರೆ, ಮಕ್ಕಳು ಅವರಿಗೆ ಕಾಣುವುದೇ ಇಲ್ಲ, ಆ ಅಜ್ಜನ ಕಿತ್ತಳೆ ಅಂಗಿ ಮಾತ್ರ ಕಾಣುತ್ತದೆ ಎಂದರು. ವರದಿಯಲ್ಲಿ ಗಂಟೆಗೆ ಎಷ್ಟು ಕಾರು, ಎಷ್ಟು ಮಕ್ಕಳು ಎಂಬ ಲೆಕ್ಕ ಇತ್ತು. ಬಿಸಿಲಿನ ಸುದ್ದಿ ಇರಲಿಲ್ಲ. ಒಬ್ಬ ಕೌನ್ಸಿಲ್ ಸದಸ್ಯೆ ಪೆನ್ನು ಎತ್ತಿಕೊಂಡು ಬರೆದುಕೊಂಡರು. ಎರಡು ವಾರದ ನಂತರ ಟ್ರಾಫಿಕ್ ಇಂಜಿನಿಯರ್ ಒಬ್ಬರು ಬೆಳಿಗ್ಗೆ ಎಂಟಕ್ಕೆ ಆ ಮೂಲೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದನ್ನು ಅಮ್ಮನೇ ನೋಡಿ ಬಂದು ಹೇಳಿದರು. ಆ ವರ್ಷ ಅಲ್ಲಿನ ಗಾರ್ಡ್ ಉಳಿದರು. ಪಟ್ಟಿಯಲ್ಲಿದ್ದ ಬೇರೆ ಎರಡು ಕ್ರಾಸಿಂಗ್‌ಗಳ ಪರವಾಗಿ ಯಾರೂ ಬಂದಿರಲಿಲ್ಲ. ಅಲ್ಲಿಯ ಗಾರ್ಡ್‌ಗಳು ಹೋದರು. ಅದರ ಬಗ್ಗೆ ನನಗೆ ಇನ್ನೂ ಸಮಾಧಾನವಿಲ್ಲ. ಅಜೆಂಡಾ ಓದಿದ ನಾನು ಆ ಬೀದಿಗಳವರಿಗೂ ಒಂದು ಮಾತು ತಿಳಿಸಬಹುದಿತ್ತು.

ಗಾರ್ಡ್ ವಿಷಯಕ್ಕೆ ಸಿಟಿ ಕೌನ್ಸಿಲ್, ಶಾಲೆಯ ಗಡಿಗೆ ಸ್ಕೂಲ್ ಬೋರ್ಡ್ ಎಂದೆನಲ್ಲ, ಹೊಸದಾಗಿ ಬಂದವರು ಎಡವುವುದು ಇಲ್ಲೇ. ನಮ್ಮಲ್ಲಿ ಎಲ್ಲ ದೂರೂ ಒಬ್ಬ ಎಮ್ಮೆಲ್ಲೆಗೆ ಹೋಗಿ ಮುಟ್ಟುತ್ತದೆ. ಇಲ್ಲಿ ಊರಿನ ಆಡಳಿತ ಬೇರೆ, ಶಾಲೆಗಳ ಆಡಳಿತ, ಅಂದರೆ ಸ್ಕೂಲ್ ಡಿಸ್ಟ್ರಿಕ್ಟ್, ಬೇರೆ, ಎರಡರ ಗಡಿಯೂ ಒಂದಲ್ಲ. ಸನ್ನಿವೇಲಿನ ಒಂದು ಮನೆಯ ಮಗು ಸನ್ನಿವೇಲ್ ಡಿಸ್ಟ್ರಿಕ್ಟಿಗೆ ಹೋದರೆ, ಇನ್ನೊಂದು ಬಡಾವಣೆಯ ಮಗು ಕುಪರ್ಟಿನೋ ಯೂನಿಯನ್ನಿಗೆ, ಮತ್ತೊಂದು ಕಡೆಯದು ಸಾಂಟಾ ಕ್ಲಾರಾ ಯೂನಿಫೈಡ್‌ಗೆ ಸೇರುತ್ತದೆ. ಕುಪರ್ಟಿನೋದ ಹೈಸ್ಕೂಲುಗಳನ್ನು ನಡೆಸುವ ಡಿಸ್ಟ್ರಿಕ್ಟಿನ ಹೆಸರು ಫ್ರೀಮಾಂಟ್ ಯೂನಿಯನ್. ಫ್ರೀಮಾಂಟ್ ಊರಿಗೂ ಅದಕ್ಕೂ ಸಂಬಂಧವೇ ಇಲ್ಲ, ಅಲ್ಲಿಯದು ಫ್ರೀಮಾಂಟ್ ಯೂನಿಫೈಡ್. ಮೊದಲು ನಿಮ್ಮ ವಿಳಾಸ ಯಾವ ಬೋರ್ಡಿಗೆ ಸೇರಿದೆ, ಅದರಲ್ಲೂ ಯಾವ ಟ್ರಸ್ಟಿಯ (ಬೋರ್ಡ್ ಸದಸ್ಯರ) ಕ್ಷೇತ್ರ ಎಂದು ತಿಳಿದುಕೊಳ್ಳಿ. 2001ರ ಕ್ಯಾಲಿಫೋರ್ನಿಯಾ ಮತದಾನ ಹಕ್ಕು ಕಾಯ್ದೆಯ ನಂತರ ಎಷ್ಟೋ ಬೋರ್ಡುಗಳು, ಕೌನ್ಸಿಲ್ಲುಗಳು ಕ್ಷೇತ್ರವಾರು ಚುನಾವಣೆಗೆ ಬಂದಿವೆ. ನಿಮ್ಮ ಟ್ರಸ್ಟಿ ನಿಮ್ಮಿಂದ ಅರ್ಧ ಮೈಲಿಯಲ್ಲೇ ಇರಬಹುದು. ಅವರಿಗೆ ನಿಮ್ಮ ಮುಖ ಗೊತ್ತಿರಲಿ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಹತ್ತಿಪ್ಪತ್ತು ಲಕ್ಷ ಡಾಲರಿನ ಮನೆಗಳಿರುವ ಊರಿನ ಶಾಲೆಯಲ್ಲಿ ಲೈಬ್ರರಿಯವರನ್ನು ತೆಗೆಯುತ್ತಾರಂತೆ, ಸಂಗೀತದ ಕ್ಲಾಸಿಗೆ ಚಂದಾ ಎತ್ತುತ್ತಾರಂತೆ, ಎಲ್ಲಿಗೆ ಹೋಗುತ್ತದೆ ನಮ್ಮ ಟ್ಯಾಕ್ಸು ಎಂದು ನಾವೆಲ್ಲ ಪಾರ್ಟಿಗಳಲ್ಲಿ ಕೇಳುತ್ತೇವೆ. ಉತ್ತರ ಬೋರ್ಡ್ ಸಭೆಯಲ್ಲಿ ವರ್ಷಕ್ಕೆ ನಾಲ್ಕೈದು ಸಲ ಸ್ಲೈಡ್ ಹಾಕಿ ಹೇಳುತ್ತಾರೆ. 1978ರಲ್ಲಿ ರಾಜ್ಯದ ಮತದಾರರು ಒಪ್ಪಿದ 13ನೇ ಪ್ರಸ್ತಾಪ ಮೂಲ ಆಸ್ತಿ ತೆರಿಗೆಯನ್ನು ಬೆಲೆಯ ಶೇಕಡ 1ಕ್ಕೆ ಕಟ್ಟಿಹಾಕಿತು. ಮನೆ ಕೈ ಬದಲಾಗುವ ತನಕ ಆ ಲೆಕ್ಕದ ಬೆಲೆ ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚು ಏರುವಂತಿಲ್ಲ. 2013ರಿಂದ ಬಹುಪಾಲು ಡಿಸ್ಟ್ರಿಕ್ಟುಗಳ ಪಾಲು ರಾಜ್ಯದ ಒಂದು ಸೂತ್ರದಿಂದ ಬರುತ್ತದೆ. ಬಡ ಮನೆಯ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಸಾಕುಮನೆಯಲ್ಲಿರುವ ಮಕ್ಕಳು ಹೆಚ್ಚಿದ್ದ ಕಡೆ ಹೆಚ್ಚು ಹಣ. ಆ ನ್ಯಾಯವನ್ನು ನಾನು ಒಪ್ಪುತ್ತೇನೆ. ಅಂಥ ಮಕ್ಕಳು ಕಡಿಮೆ ಇರುವ ಕಡೆ ಮೂಲ ಹಣದಲ್ಲೇ ಸಂಸಾರ ತೂಗಿಸಬೇಕು. ಅದಕ್ಕೇ ಪಾರ್ಸೆಲ್ ಟ್ಯಾಕ್ಸ್ (ಒಂದೊಂದು ಆಸ್ತಿಗೆ ಇಷ್ಟು ಎಂಬ ಹೆಚ್ಚುವರಿ ತೆರಿಗೆ), ಬಾಂಡ್ (ಸಾಲಪತ್ರ) ಎಂದು ಮತಕ್ಕೆ ಬರುತ್ತಾರೆ. ಬಾಂಡ್ ಗೆದ್ದರೆ ಕಟ್ಟಡಕ್ಕೆ ಮಾತ್ರ ಹಣ, ಟೀಚರ್ ಸಂಬಳಕ್ಕಲ್ಲ. ಶೇಕಡ 55 ಮತದಿಂದ ಗೆದ್ದ ಬಾಂಡಿನ ಖರ್ಚು ನೋಡಲು ನಾಗರಿಕರ ಸಮಿತಿ ಇರಲೇಬೇಕು. ನಮ್ಮಲ್ಲಿ ಎಷ್ಟು ಮಂದಿ ಲೆಕ್ಕಪತ್ರ ಬಲ್ಲವರಿದ್ದೇವೆ! ಅಂಥ ಸಮಿತಿಗೆ ಅರ್ಜಿ ಹಾಕಿದವರನ್ನು ನಾನು ನಮ್ಮ ಪೈಕಿ ಒಬ್ಬರನ್ನೂ ಕಂಡಿಲ್ಲ.

ಇನ್ನೊಂದು ಸಂಗತಿ ನಮಗೆ ತೀರಾ ಹತ್ತಿರದ್ದು. ರಾಜ್ಯದ ಸೂತ್ರದಂತೆ ಹಣ ಪಡೆಯುವ ಡಿಸ್ಟ್ರಿಕ್ಟಿಗೆ ದುಡ್ಡು ಬರುವುದು ಹೆಸರು ಬರೆಸಿದ ಮಕ್ಕಳ ಲೆಕ್ಕದಲ್ಲಲ್ಲ, ದಿನದಿನದ ಸರಾಸರಿ ಹಾಜರಾತಿಯ ಲೆಕ್ಕದಲ್ಲಿ. ಡಿಸೆಂಬರ್ ರಜೆಗೆ ಹಿಂದೆ ಮುಂದೆ ಎರಡೆರಡು ವಾರ ಸೇರಿಸಿ ನಾವು ಇಂಡಿಯಾಗೆ ಹೋಗುತ್ತೇವಲ್ಲ, ಮದುವೆ, ಉಪನಯನ, ಅಜ್ಜಿಗೆ ಹುಷಾರಿಲ್ಲ ಎಂದು, ಆ ಪ್ರತಿ ದಿನಕ್ಕೂ ಶಾಲೆಯ ಪಾಲು ಕಡಿಮೆಯಾಗುತ್ತದೆ. ಹೋಗಬೇಡಿ ಎನ್ನುವುದಿಲ್ಲ, ನಾನೂ ಹೋಗುತ್ತೇನೆ. ಹೊರಡುವ ಮುಂಚೆ ಶಾಲೆಯಲ್ಲಿ ಇಂಡಿಪೆಂಡೆಂಟ್ ಸ್ಟಡಿಗೆ ಸಹಿ ಮಾಡಿ, ಕೊಟ್ಟ ಪಾಠ ಮುಗಿಸಿಕೊಂಡು ಬಂದರೆ ಹಾಜರಾತಿ ಸಿಗುವ ದಾರಿಯಿದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಬಜೆಟ್ ಸಭೆಯ ಕೊನೆಯ ಸಾಲಿನಲ್ಲಿ ಕೂತಿದ್ದಾಗ ಕಿವಿಗೆ ಬಿತ್ತು.

ಕಾಲದ ಲೆಕ್ಕ ಗೊತ್ತಿರಲಿ. ಗವರ್ನರ್ ಜನವರಿ 10ರೊಳಗೆ ಬಜೆಟ್ ಪ್ರಸ್ತಾಪ ಮುಂದಿಡುತ್ತಾರೆ. ಬರುವ ವರ್ಷ ಕೆಲಸ ಇರಲಿಕ್ಕಿಲ್ಲ ಎಂಬ ನೋಟಿಸು ಟೀಚರುಗಳಿಗೆ ಮಾರ್ಚ್ 15ರೊಳಗೆ ಹೋಗಬೇಕು. ಹಾಗಾಗಿ ಯಾರನ್ನು ಇಟ್ಟುಕೊಳ್ಳಬೇಕು, ಏನನ್ನು ಕೈಬಿಡಬೇಕು ಎಂಬ ಚರ್ಚೆ ಫೆಬ್ರವರಿಯ ಚಳಿಯಲ್ಲಿ ಖಾಲಿ ಕುರ್ಚಿಗಳ ಮುಂದೆ ನಡೆದುಹೋಗುತ್ತದೆ. ಡಿಸ್ಟ್ರಿಕ್ಟ್ ಬಜೆಟ್ಟಿನ ಕಡೆಯ ಮತ ಜುಲೈ 1ರೊಳಗೆ, ಅದಕ್ಕೂ ಮುಂಚಿನ ಸಭೆಯಲ್ಲಿ ಸಾರ್ವಜನಿಕ ವಿಚಾರಣೆ, ಅಂದರೆ ಜೂನ್. ಆಗ ನಾವು ಮಕ್ಕಳನ್ನು ಕರೆದುಕೊಂಡು ಊರಿನಲ್ಲಿರುತ್ತೇವೆ. ಆಗಸ್ಟಿನಲ್ಲಿ ವಾಪಸು ಬಂದು, ಅಯ್ಯೋ ಆ ಟೀಚರ್ ಎಲ್ಲಿ ಎಂದು ಕೇಳುತ್ತೇವೆ.

ಅಜೆಂಡಾ ಓದುವಾಗ ದೊಡ್ಡ ಅಕ್ಷರದ ವಿಷಯಗಳಿಗಷ್ಟೇ ಕಣ್ಣು ಹಾಯಿಸಬೇಡಿ. ಕನ್ಸೆಂಟ್ ಕ್ಯಾಲೆಂಡರ್ ಎಂಬ ಒಂದು ಕಟ್ಟು ಇರುತ್ತದೆ. ಗುತ್ತಿಗೆಗಳು, ಖರೀದಿಗಳು, ಸಾಫ್ಟ್‌ವೇರ್ ಒಪ್ಪಂದಗಳು ಎಲ್ಲ ಸೇರಿ ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಪಾಸಾಗುತ್ತವೆ. ಹೆಚ್ಚಿನವು ನಿಜಕ್ಕೂ ಸಾಮಾನ್ಯವಾದವೇ. ಆದರೂ ಅದರಲ್ಲಿ ಒಂದನ್ನು ಬೇರೆ ತೆಗೆದು ಚರ್ಚಿಸಿ ಎಂದು ಯಾವುದೇ ಸದಸ್ಯರು ಕೇಳಬಹುದು. ನೀವು ಹಿಂದಿನ ದಿನ ಎರಡು ಸಾಲು ಬರೆದು ಕಳಿಸಿದರೆ ಅವರು ಕೇಳುವ ಸಾಧ್ಯತೆ ಉಂಟು. ಸದಸ್ಯರಿಗೆ ಸಭೆಗಾಗಿ ಹಂಚಿದ ಕಾಗದಗಳೂ ಸಾರ್ವಜನಿಕ ದಾಖಲೆಗಳೇ.

ಈಗ ಹೇಳಲು ಕಷ್ಟವಾದ ಮಾತು. ನಾವು ಸಭೆಗೆ ಬರುವುದೇ ಇಲ್ಲ ಎಂದಲ್ಲ. ಎಂಟನೇ ಕ್ಲಾಸಿನಲ್ಲಿ ಆಲ್ಜೀಬ್ರಾ ಬೇಕು ಎಂದರೆ ಬರುತ್ತೇವೆ. ದೀಪಾವಳಿಗೆ ರಜೆ ಬೇಕು ಎಂದರೆ ಬರುತ್ತೇವೆ. 2018ರಲ್ಲಿ ಫ್ರೀಮಾಂಟಿನಲ್ಲಿ ಲೈಂಗಿಕ ಶಿಕ್ಷಣದ ಪಾಠಗಳ ಬಗ್ಗೆ ವಿವಾದವಾದಾಗ ಸಭೆಗಳು ಕಿಕ್ಕಿರಿದವು. ಅವೆಲ್ಲ ನ್ಯಾಯವಾದ ಕಾಳಜಿಗಳೇ, ನಾನೂ ಆಲ್ಜೀಬ್ರಾಕ್ಕಾಗಿ ಕೈ ಎತ್ತಿದವನು. ಆದರೆ ಬೋರ್ಡಿನವರ ಜಾಗದಲ್ಲಿ ಕೂತು ನೋಡಿದರೆ ನಾವು ಹೇಗೆ ಕಾಣುತ್ತೇವೆ? ನಮಗೆ ಬೇಕಾದ್ದಕ್ಕೆ ಮಾತ್ರ ಬಂದು, ನಮ್ಮ ಐಟಂ ಮುಗಿದ ತಕ್ಷಣ ಕುರ್ಚಿ ಸರಿಸಿ ಎದ್ದುಹೋಗುವವರು. ಒಮ್ಮೆ ನಾವು ಹಾಗೆ ನೂರು ಜನ ಎದ್ದು ಹೋದ ಮೇಲಿನ ಐಟಂ ವಿಶೇಷ ಅಗತ್ಯದ ಮಕ್ಕಳ ಬಸ್ಸಿನದ್ದು. ಒಬ್ಬ ತಾಯಿ, ಮಾತು ಬಾರದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯುತ್ತಿದ್ದವಳು, ನಾವು ಬಾಗಿಲಲ್ಲಿ ಗಜಿಬಿಜಿ ಮಾಡುತ್ತಿದ್ದಾಗ ಮಾತಾಡಬೇಕಾಯಿತು. ಅವಳ ದನಿ ಹಿಂದಿನ ಸಾಲಿಗೆ ಕೇಳಿಸಲೇ ಇಲ್ಲ. ನಾನು ಬಾಗಿಲ ಹತ್ತಿರ ಇದ್ದೆ. ಅವತ್ತಿನಿಂದ ಸಭೆ ಮುಗಿಯುವವರೆಗೂ ಕೂರುತ್ತೇನೆ.

ಊರಿನ ನೆನಪು ಇಲ್ಲಿ ಬರದೆ ಇರದು. ನನ್ನ ಅಪ್ಪ ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಇದ್ದರು. ಕರ್ನಾಟಕ 2001ರಲ್ಲೇ ಶಾಲೆಯ ಉಸ್ತುವಾರಿಯನ್ನು ಪಾಲಕರ ಕೈಗೆ ಕೊಟ್ಟ ರಾಜ್ಯ, ಅದು ಸಣ್ಣ ಮಾತಲ್ಲ. ಆದರೆ ನಮ್ಮೂರಲ್ಲಿ ಎಷ್ಟೋ ಸಲ ಸಭೆ ನಡೆಯದೆ ನಡಾವಳಿ ಪುಸ್ತಕ ಮಾತ್ರ ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಿತ್ತು. ಅಪ್ಪ ಒಮ್ಮೆ ಸಹಿ ಹಾಕುವುದಿಲ್ಲ ಎಂದರು, ಸಭೆ ಕರೆಯಿರಿ, ಅಲ್ಲಿ ಹಾಕುತ್ತೇನೆ ಎಂದರು. ವಾರದ ಮೇಲೆ ಸಭೆ ಕರೆದರು. ಅಪ್ಪನ ಜೊತೆ ಇನ್ನಿಬ್ಬರು ಬಂದರು, ಕೋರಂ ಇಲ್ಲವೆಂದು ಮುಂದಕ್ಕೆ ಹಾಕಿದರು. ಬೆಂಗಳೂರಿನವರಿಗೆ ಅಷ್ಟೂ ಸಿಗಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ರಸ್ತೆಯ ಗುಂಡಿಯ ಬಗ್ಗೆ ಕೇಳಬೇಕಾದರೆ ವಾರ್ಡಿನಲ್ಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಇಲ್ಲಿ ಹದಿನೈದು ದಿನಕ್ಕೊಮ್ಮೆ ಬಾಗಿಲು ತೆರೆದು, ದೀಪ ಹಾಕಿ, ಮೈಕು ಇಟ್ಟು, ಯಾರಾದರೂ ಬರುತ್ತಾರಾ ಎಂದು ಕಾಯುತ್ತಾರೆ. ಅಪ್ಪ ಇದನ್ನು ನೋಡಿದ್ದರೆ ಒಂದು ಸಭೆಯನ್ನೂ ಬಿಡುತ್ತಿರಲಿಲ್ಲ.

ನಮ್ಮ ಕೂಟಗಳಿಗೆ, ವಾರಾಂತ್ಯದ ಕನ್ನಡ ತರಗತಿ ನಡೆಸುವವರಿಗೆ ನನ್ನದೊಂದು ಕೋರಿಕೆ. ರಾಜ್ಯೋತ್ಸವಕ್ಕೆ, ಯುಗಾದಿಗೆ ಅಡುಗೆಯ ಪಾಳಿ ಹಾಕಿಕೊಳ್ಳುವ ಹಾಗೆ ಇದಕ್ಕೂ ಪಾಳಿ ಹಾಕಿಕೊಳ್ಳೋಣ. ಒಂದು ಸಭೆಗೆ ಎರಡು ಮನೆ. ಒಬ್ಬರು ಅಜೆಂಡಾ ಓದುವುದು, ಒಬ್ಬರು ಹೋಗಿ ಕೂರುವುದು, ಮರುದಿನ ಗುಂಪಿನಲ್ಲಿ ಕನ್ನಡದಲ್ಲಿ ಹತ್ತು ಸಾಲು ಬರೆಯುವುದು. ಹೋದವರು ಮಾತಾಡಲೇಬೇಕೆಂದಿಲ್ಲ. ಮನೆಯಲ್ಲಿರುವ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಬನ್ನಿ. ಶಾಲೆಯ ಗೇಟಿನಲ್ಲಿ ದಿನಾ ನಿಲ್ಲುವವರು ಅವರೇ, ಅವರಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ. ನಮ್ಮ ಮಕ್ಕಳು ಕಲಿಯುತ್ತಿರುವ ಕನ್ನಡಕ್ಕೆ ಹೈಸ್ಕೂಲಿನಲ್ಲಿ ಕ್ರೆಡಿಟ್ ಕೊಡಬೇಕೆಂಬ ನಮ್ಮ ಆಸೆಯೂ ಕೊನೆಗೆ ಇಂಥದೇ ಒಂದು ಬೋರ್ಡಿನ ಮುಂದೆ ಹೋಗುವಂಥದ್ದು. ಹೊಸಬರ ಹಾಗೆ ಹೋಗಿ ಕೇಳುವ ಬದಲು, ವರ್ಷದಿಂದ ಎಲ್ಲರ ಮಕ್ಕಳ ಸಲುವಾಗಿ ಕೂತವರಾಗಿ ಹೋಗಿ ಕೇಳೋಣ.

ನಮ್ಮ ಸ್ಕೂಲ್ ಬೋರ್ಡಿನ ಮುಂದಿನ ಸಭೆ ಬರುವ ಮಂಗಳವಾರ ಸಂಜೆ ಆರೂವರೆಗೆ. ಅಜೆಂಡಾ ಶುಕ್ರವಾರ ಸಂಜೆಯೇ ಬರುತ್ತದೆ, ಬಂದ ಕೂಡಲೇ ಮುಖ್ಯವಾದದ್ದನ್ನು ಕನ್ನಡದಲ್ಲಿ ಬರೆದು ಹಾಕುತ್ತೇನೆ. ವಿಶೇಷ ಅಗತ್ಯದ ಮಕ್ಕಳ ಬಸ್ಸಿನ ಗುತ್ತಿಗೆ ಈ ಸಲ ಮತ್ತೆ ಬರಲಿದೆಯಂತೆ. ಆ ತಾಯಿ ಈ ಸಲವೂ ಬರಬಹುದು. ನಾನು ಆರು ಗಂಟೆಗೆ ಹೊರಡುತ್ತೇನೆ, ಕಾರಿನಲ್ಲಿ ಮೂರು ಸೀಟು ಖಾಲಿ ಇದೆ.

ಇತಿ,
ನಿಮ್ಮ ಬೀದಿಯ ಒಬ್ಬ ಪಾಲಕ